ಗೋರಿಯ ಮೇಲಿನ ಗೋಳ

ಕೆಟಾನಿಯಾ, ಸಿಸಿಲಿ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಅಮ್ಮನ ಮಂಡಿ ನೋವು ಇಳಿದಿದೆ ಎಂದು ತಿಳಿದು ಸಮಾಧಾನವಾಯಿತು. ನನ್ನ ಕೆಲಸದ ಸುದ್ದಿಯನ್ನೆಲ್ಲ ಫೋನಿನಲ್ಲಿ ಹೇಳಿಯಾಗಿದೆ. ಈ ಪತ್ರ ಪೂರ್ತಿ ಪ್ರಾಚೀನ ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಸುದ್ದಿಯೇ. ಕಳೆದ ಭಾನುವಾರ ರೈಲು ಹತ್ತಿ ಅವನ ಊರಾದ ಸಿರಾಕ್ಯೂಸಿಗೆ ಹೋಗಿದ್ದೆ.

ಅಲ್ಲಿನ ಹಳೆಯ ಸ್ಮಶಾನದಲ್ಲಿ ಬಂಡೆ ಕೊರೆದು ಮಾಡಿದ ಒಂದು ಗುಹೆಯನ್ನು ಅವನ ಸಮಾಧಿ ಎಂದು ಪ್ರವಾಸಿಗರಿಗೆ ತೋರಿಸುತ್ತಾರೆ. ಅದು ಅವನದಲ್ಲ, ರೋಮನ್ನರ ಕಾಲದ್ದು. ನಿಜವಾದ ಸಮಾಧಿಯನ್ನು ಪತ್ತೆ ಮಾಡಿದವನು ಕ್ರಿ.ಪೂ. 75ರಲ್ಲಿ ಸಿಸಿಲಿಯಲ್ಲಿ ರೋಮನ್ ಅಧಿಕಾರಿಯಾಗಿದ್ದ ಸಿಸೆರೋ. ಅಂಥದ್ದೊಂದು ಇಲ್ಲವೇ ಇಲ್ಲ ಎಂದು ಊರಿನವರು ವಾದಿಸಿದ್ದರು. ಆದರೆ ಮುಳ್ಳುಪೊದೆಗಳ ಮೇಲೆ ತುಸುವೇ ತಲೆ ಎತ್ತಿದ್ದ ಕಂಬದಲ್ಲಿ ಒಂದು ಗೋಳ, ಒಂದು ಸಿಲಿಂಡರ್ ಕಂಡು ಸಿಸೆರೋ ಗುರುತು ಹಿಡಿದ. ಆ ಗುರುತನ್ನು ಇಡುವಂತೆ ಬಂಧುಗಳನ್ನು ಕೇಳಿಕೊಂಡವನು ಆರ್ಕಿಮಿಡೀಸನೇ ಎಂದು ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ.

ಸ್ನಾನದ ತೊಟ್ಟಿಯಿಂದ ಎದ್ದು ಓಡಿದ ಕಥೆಯಿಂದಲೇ ಎಲ್ಲರೂ ಅವನನ್ನು ನೆನೆಯುತ್ತಾರೆ. ಆ ಕಥೆ ನಮಗೆ ಸಿಗುವುದು ಅವನು ಸತ್ತು ಸುಮಾರು ಎರಡು ಶತಮಾನಗಳ ನಂತರದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸನ ಬರಹದಲ್ಲಿ. ರೋಮನ್ ಸೈನ್ಯವನ್ನು ತಡೆದ ಯಂತ್ರಗಳ ಕೀರ್ತಿಯೂ ದೊಡ್ಡದೇ. ಅವನ ಮನಸ್ಸು ಮಾತ್ರ ಈ ಗೋಳದಲ್ಲಿತ್ತು. ಗೋಳವನ್ನು ಸುತ್ತಲೂ ಸರಿಯಾಗಿ ಹಿಡಿಯುವ, ಅದರಷ್ಟೇ ಎತ್ತರದ ಸಿಲಿಂಡರಿನಲ್ಲಿ ಇಟ್ಟರೆ ಗೋಳದ ಘನಫಲ ಸಿಲಿಂಡರಿನ ಮೂರರಲ್ಲಿ ಎರಡು ಪಾಲು. ಮೇಲ್ಮೈ ವಿಸ್ತೀರ್ಣವೂ, ಸಿಲಿಂಡರಿನ ತಳ ಮತ್ತು ಮುಚ್ಚಳ ಸೇರಿಸಿದರೆ, ಅದೇ ಮೂರರಲ್ಲಿ ಎರಡು! ಅದೇ ತಳ, ಅದೇ ಎತ್ತರದ ಶಂಕುವನ್ನೂ ಪಕ್ಕದಲ್ಲಿಟ್ಟರೆ ಶಂಕು, ಗೋಳ, ಸಿಲಿಂಡರುಗಳ ಘನಫಲ 1:2:3. ಅಪ್ಪ, ನೀವು ಕಪ್ಪು ಹಲಗೆಯ ಮೇಲೆ ಸೂತ್ರ ಬರೆದು ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದಿರಲ್ಲ, ಅದು ಏಕೆಂದು ಈಗ ಅರ್ಥವಾಗುತ್ತಿದೆ.

ಇದನ್ನು ಕಂಡುಕೊಂಡ ದಾರಿಯನ್ನೂ ಅವನು ಮುಚ್ಚಿಡಲಿಲ್ಲ. ಅಲೆಕ್ಸಾಂಡ್ರಿಯಾದ ವಿದ್ವಾಂಸ ಎರಟೋಸ್ಥನೀಸನಿಗೆ ಬರೆದ ಪತ್ರದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ್ದಾನೆ: ಆಕೃತಿಗಳನ್ನು ಮನಸ್ಸಿನಲ್ಲೇ ತೆಳುವಾದ ಹೋಳುಗಳಾಗಿ ಕತ್ತರಿಸುವುದು, ಒಂದರ ಹೋಳುಗಳನ್ನು ತಕ್ಕಡಿಯ ಈ ಕಡೆ, ಇನ್ನೊಂದರದನ್ನು ಆ ಕಡೆ ಇಟ್ಟು ತೂಗುವುದು. ಇದು ಗಣಿತದ ರುಜುವಾತಲ್ಲ, ಆದರೆ ಉತ್ತರ ಮೊದಲೇ ಗೊತ್ತಿದ್ದರೆ ರುಜುವಾತು ಹುಡುಕುವುದು ಸುಲಭ ಎಂದೂ ಸೇರಿಸಿದ್ದಾನೆ. ಶಂಕುವಿನ ಘನಫಲವನ್ನು ರುಜುವಾತು ಮಾಡಿದವನು ಹಿಂದಿನ ಗಣಿತಜ್ಞ ಯೂಡಾಕ್ಸಸ್, ಆದರೆ ರುಜುವಾತಿಲ್ಲದೆಯೇ ಅದನ್ನು ಮೊದಲು ಹೇಳಿದ ತತ್ವಜ್ಞಾನಿ ಡೆಮಾಕ್ರಿಟಸನಿಗೂ ಅದರ ಶ್ರೇಯಸ್ಸಿನಲ್ಲಿ ಪಾಲು ಸಲ್ಲಬೇಕು ಎನ್ನುತ್ತಾನೆ. ಇಷ್ಟು ದೊಡ್ಡ ಮನಸ್ಸಿನ ಮೇಷ್ಟ್ರು ಅವನು.

ಅವನ ಆ ಪತ್ರ ನಮಗೆ ಉಳಿದದ್ದೇ ಅದೃಷ್ಟ. 10ನೇ ಶತಮಾನದಲ್ಲಿ ಚರ್ಮದ ಹಾಳೆಗಳ ಮೇಲೆ ಮಾಡಿದ ಪ್ರತಿಯನ್ನು 13ನೇ ಶತಮಾನದಲ್ಲಿ ಕೆರೆದು ಅಳಿಸಿ ಪ್ರಾರ್ಥನೆಗಳನ್ನು ಬರೆದರು. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆ ಪ್ರಾರ್ಥನೆಗಳ ಅಡಿಯಿಂದ ಮಾಸಿದ ಅಕ್ಷರಗಳನ್ನು ಓದಿದ. ಅವನಿಗೂ ಕಾಣದ ಎಷ್ಟೋ ಸಾಲುಗಳು ಈ ಶತಮಾನದಲ್ಲಿ ಎಕ್ಸ್-ರೇ ಕಿರಣಗಳಿಂದ ಕಂಡವು. ಮಸಿಯಲ್ಲಿದ್ದ ಕಬ್ಬಿಣವೇ ಅಕ್ಷರಗಳನ್ನು ತೋರಿಸಿಕೊಟ್ಟಿತು.

ನಮ್ಮ ಶಾಲೆಗಳ 22/7 ಕೂಡ ಅವನದೇ ಲೆಕ್ಕದಲ್ಲಿದೆ. 96 ಬಾಹುಗಳ ಆಕೃತಿಗಳನ್ನು ವೃತ್ತದ ಒಳಗೂ ಹೊರಗೂ ಎಳೆದು, ಪೈ ಬೆಲೆ 22/7ಕ್ಕಿಂತ ಕಡಿಮೆ, 223/71ಕ್ಕಿಂತ ಹೆಚ್ಚು ಎಂದು ತೋರಿಸಿದ.

ಪುಟ್ಟಿಗೆ ಈಗ ಘನಫಲದ ಪಾಠ ನಡೆಯುತ್ತಿದೆಯಂತೆ. ದಯವಿಟ್ಟು ಸೂತ್ರವನ್ನು ಮೊದಲು ಹೇಳಬೇಡಿ. ಚೆಂಡೊಂದು ಸರಿಯಾಗಿ ಕೂರುವ, ಚೆಂಡಿನಷ್ಟೇ ಎತ್ತರದ ಡಬ್ಬಿ ಹುಡುಕಿ, ಅಂಚಿನವರೆಗೆ ನೀರು ತುಂಬಿಸಿ, ಅವಳ ಕೈಯಲ್ಲೇ ಚೆಂಡನ್ನು ಮುಳುಗಿಸಿ. ಹೊರಚೆಲ್ಲಿದ್ದನ್ನು ಅಳೆಯಲಿ, ಡಬ್ಬಿಯಲ್ಲಿ ಉಳಿದದ್ದನ್ನೂ ಅಳೆಯಲಿ. ಅವಳು ಏನೆಂದಳು ಎಂಬುದನ್ನು ಮರೆಯದೆ ಬರೆಯಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು