ಸವಾನಾಕ್ಕೆ ಹೊರಟವರಿಗೆ: ಕಾರು ಬೇಡ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾಕ್ಕೆ ಬರುವವರು ಸುಮ್ನೆ ಬಾಡಿಗೆ ಕಾರು ತಗೋಬೇಡಿ. 1733ರಲ್ಲಿ ಶುರುವಾದ ಈ ಹಳೇ ಊರು ನಡೆಯೋಕೆ ಹೇಳಿ ಮಾಡಿಸಿದ ಹಾಗಿದೆ. ಸ್ವಲ್ಪ ನಡೆದರೆ ಒಂದು ಚೌಕ, ಓಕ್ ಮರದ ನೆರಳು, ಕೂರೋಕೆ ಬೆಂಚು. ಅಂಥ 22 ಚೌಕಗಳು ಉಳಿದಿವೆ. ಬುಲ್ ಸ್ಟ್ರೀಟ್ ಹಿಡಿದರೆ ಐದು ಚೌಕ ದಾಟಿ ಫೋರ್ಸೈತ್ ಪಾರ್ಕ್ ತಲುಪುತ್ತೀರಿ. ನನಗಂತೂ ಅದೇ ದಾರಿ ಇಷ್ಟ. ಕಾಲು ಸೋತರೆ ‘ಡಾಟ್’ ಬಸ್ಸಿದೆ, ಟಿಕೆಟ್ ಬೇಡ. ನದಿ ದಾಟಿಸುವ ದೋಣಿಯೂ ಉಚಿತ.

ಅಪ್ಪ ಅಮ್ಮನನ್ನು ಕರ್ಕೊಂಡು ಬರುವವರೇ, ರಿವರ್ ಸ್ಟ್ರೀಟ್‌ಗೆ ಇಳಿಯುವ ಹಳೇ ಕಲ್ಲು ಮೆಟ್ಟಿಲು ತುಂಬಾ ಕಡಿದು. ಕೈ ಹಿಡಿದು ಇಳಿಸಿ. ರೈಲಿನಲ್ಲಿ ಬಂದರೆ ಸ್ಟೇಷನ್ ಊರಾಚೆ, ಟ್ಯಾಕ್ಸಿ ಬೇಕಾಗುತ್ತೆ. ಬೇಸಿಗೆಯಲ್ಲಿ ಸೆಕೆ ಜಾಸ್ತಿ, ಬೆಳಿಗ್ಗೆಯೇ ನಡೆದುಬಿಡಿ.