ಮುಕ್ಕಾಲು ಗಂಟೆಯ ಹಾರಾಟ, ಏಳೂವರೆ ಗಂಟೆಯ ದಾರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪ್ರವಾಸ ಪುಟದಲ್ಲಿ ಸಿಂಗಪುರದಿಂದ ಕ್ವಾಲಾಲಂಪುರಕ್ಕೆ ‘ದೂರ 297 ಕಿ.ಮೀ., ಹಾರಾಟ 45 ನಿಮಿಷ’ ಎಂದು ಓದಿದೆ. ಲೆಕ್ಕ ತಪ್ಪಲ್ಲ. ಆದರೆ ಅದೊಂದೇ ಲೆಕ್ಕ ನಂಬಿಕೊಂಡು ಹೊರಟ ನಾವು ಪಟ್ಟ ಪಾಡನ್ನು ಹೇಳಲೇಬೇಕು ಅನಿಸಿತು.

ಎರಡು ವರ್ಷದ ಹಿಂದೆ ನಾನು, ನನ್ನ ಹೆಂಡತಿ ಪ್ಯಾಕೇಜ್ ಟೂರಿನಲ್ಲಿ ಹೋಗಿದ್ದೆವು. ಅವಳಿಗೆ ಸಕ್ಕರೆ ಕಾಯಿಲೆ. ‘ಮುಕ್ಕಾಲು ಗಂಟೆ ಅಷ್ಟೇ ಸಾರ್, ತಿಂಡಿ ಅಲ್ಲೇ ಹೋಗಿ ಮಾಡಿದರಾಯ್ತು’ ಅಂದರು ಟೂರಿನವರು. ಎರಡು ಬಿಸ್ಕತ್ತು ತಿಂದು, ಮಾತ್ರೆ ನುಂಗಿ, ಸಿಂಗಪುರದ ಸೆರಂಗೂನ್ ರಸ್ತೆಯ ಹೋಟೆಲಿನಿಂದ ಬೆಳಗಿನ 5.30ಕ್ಕೆ ಹೊರಟಳು. ನಮ್ಮೂರಲ್ಲಿ ಆಗ ರಾತ್ರಿ 3 ಗಂಟೆ.

ಅಲ್ಲಿನ ಚಾಂಗಿ ನಿಲ್ದಾಣದಿಂದ 8.30ರ ವಿಮಾನ. ಬಾಗಿಲು ಹಾಕಿದ ಮೇಲೂ ರನ್‌ವೇಯಲ್ಲಿ ಸರದಿ ಕಾದು, ಹಾರಿದಾಗ 9 ಗಂಟೆ. ಮೇಲೆ ಇದ್ದದ್ದು ಮುಕ್ಕಾಲು ಗಂಟೆಯೇ. ಇಳಿದ ಮೇಲೆ ಇಮಿಗ್ರೇಷನ್ ಸಾಲು ಮುಗಿಯಲೇ ಇಲ್ಲ. ಅಲ್ಲಿ ನಿಂತಿದ್ದಾಗ ಅವಳು ನನ್ನ ತೋಳು ಹಿಡಿದಳು. ಅಂಗೈ ತಣ್ಣಗೆ, ಬೆವರಿ ಒದ್ದೆಯಾಗಿತ್ತು. ಬೆರಳಲ್ಲಿದ್ದ ಪಾಸ್‌ಪೋರ್ಟ್ ನಡುಗುತ್ತಿತ್ತು. ಮಾತ್ರೆ ನುಂಗಿ ಐದು ಗಂಟೆ ದಾಟಿತ್ತು, ಹೊಟ್ಟೆಗೆ ಏನೂ ಬೀಳದೆ ರಕ್ತದ ಸಕ್ಕರೆ ಇಳಿದಿತ್ತು. ನನ್ನ ಚೀಲದಲ್ಲಿ ನೀರು ಬಿಟ್ಟು ಏನೂ ಇರಲಿಲ್ಲ. ಹಿಂದೆ ನಿಂತಿದ್ದ ಮಲಯ್ ಹೆಂಗಸೊಬ್ಬರು ತಮ್ಮ ಮಗುವಿಗೆಂದು ತಂದಿದ್ದ ಜ್ಯೂಸ್ ಪೊಟ್ಟಣಕ್ಕೆ ಸ್ಟ್ರಾ ಚುಚ್ಚಿ ಅವಳ ಕೈಗಿಟ್ಟರು. ಆ ತಾಯಿಯ ಹೆಸರು ಕೇಳಲಿಲ್ಲ. ದಿನಕ್ಕೊಮ್ಮೆಯಾದರೂ ನೆನೆಯುತ್ತೇನೆ.

ವಿಮಾನ ನಿಲ್ದಾಣ ಇರುವುದು ಸೆಪಾಂಗ್‌ನಲ್ಲಿ. ಅಲ್ಲಿಂದ ಊರೊಳಗೆ 50 ಕಿ.ಮೀ.ಗೂ ಜಾಸ್ತಿ. ಊಟದ ತಟ್ಟೆ ಮುಂದೆ ಕೂತಾಗ ಮಧ್ಯಾಹ್ನ 1 ಗಂಟೆ. ಸಿಂಗಪುರದಿಂದ ಇಲ್ಲಿಗೆ ರಸ್ತೆಯಲ್ಲಿ ಸುಮಾರು 350 ಕಿ.ಮೀ. ಅಷ್ಟೇ. ಬಸ್ಸಿಗೆ ಹೋಗಿದ್ದರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ತಲುಪುತ್ತಿದ್ದೆವು, ದಾರಿಯಲ್ಲಿ ಏನಾದರೂ ತಿನ್ನಬಹುದಿತ್ತು ಅಲ್ವಾ?

ನೀವು ಕೊಟ್ಟ 297 ಕಿ.ಮೀ. ನಕ್ಷೆಯ ಮೇಲೆ ನಿಲ್ದಾಣದಿಂದ ನಿಲ್ದಾಣಕ್ಕೆ ಎಳೆದ ನೇರ ಗೆರೆ. ಬೆಂಗಳೂರು, ಮಂಗಳೂರು ನಿಲ್ದಾಣಗಳ ನಡುವೆಯೂ ಹತ್ತಿರ ಹತ್ತಿರ ಅಷ್ಟೇ. ಟಿಕೆಟ್ಟಿನಲ್ಲಿ ಇರುವುದು ಗೇಟ್ ಬಿಟ್ಟಲ್ಲಿಂದ ಗೇಟ್ ಸೇರುವವರೆಗಿನ ಸಮಯ. ಹಾಗಾಗಿ ಅದು ಒಂದು ಗಂಟೆ ದಾಟುತ್ತದೆ. ದಯವಿಟ್ಟು ಆ ಸಮಯವನ್ನು ಹಾಕಿ, ನಿಲ್ದಾಣದಿಂದ ಊರು ಎಷ್ಟು ದೂರ ಅನ್ನುವುದನ್ನೂ ಸೇರಿಸಿ.

ಗಡಿಯಾರದ ವಿಷಯವೂ ಬರಲಿ. ಸಿಂಗಪುರ, ಮಲೇಷ್ಯಾ ಎರಡರಲ್ಲೂ ಒಂದೇ ಸಮಯ. ಇಂಡೋನೇಷ್ಯಾದ ಜಕಾರ್ತ ಒಂದು ಗಂಟೆ ಹಿಂದೆ. ಸಿಂಗಪುರದಿಂದ 8ಕ್ಕೆ ಹೊರಟರೆ ಟಿಕೆಟ್ಟಿನಲ್ಲಿ ಜಕಾರ್ತ ತಲುಪುವುದು 8.50 ಅಂತ ಕಾಣಬಹುದು. ಐವತ್ತು ನಿಮಿಷದ ದಾರಿ ಅಂದುಕೊಂಡರೆ ಮೋಸ ಹೋದಂತೆ. ಕೂರಬೇಕಾದದ್ದು ಒಂದು ಗಂಟೆ ಐವತ್ತು ನಿಮಿಷ. ಸಕ್ಕರೆ ಕಾಯಿಲೆಯವರಿಗೆ ಆ ಒಂದು ಗಂಟೆ ತುಂಬಾ ದೊಡ್ಡದು.

ಮುಂದಿನ ವಾರ ಬ್ಯಾಂಕಾಕ್ ಬಗ್ಗೆ ಬರೆಯುತ್ತೀರಂತೆ. ಅಲ್ಲಿ ಎರಡು ನಿಲ್ದಾಣ. ಸುವರ್ಣಭೂಮಿಯೋ ಡಾನ್ ಮುವಾಂಗೋ ಎಂದು ಬಿಡಿಸಿ ಹೇಳಿ. ನನ್ನ ಅಕ್ಕ, ಭಾವ ಮಾರ್ಚ್‌ನಲ್ಲಿ ಹೊರಟಿದ್ದಾರೆ. ನಿಮ್ಮ ಪುಟವನ್ನು ಕತ್ತರಿಸಿ ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳುತ್ತಾರೆ.

ಇತಿ,
ನಿವೃತ್ತ ಶಿಕ್ಷಕ, ತೀರ್ಥಹಳ್ಳಿ