ಮೆದುಳಿನ ಗಡ್ಡೆ: ಹೊಸ ಚಿಕಿತ್ಸೆಯ ಸುದ್ದಿ ಪೂರ್ತಿ ಬರೆಯಿರಿ

ಮಾನ್ಯರೇ,

ಮೆದುಳಿನ ಗಡ್ಡೆಗೆ ಹೊಸ ರೇಡಿಯೇಷನ್ ಬಂದಿದೆ ಎಂಬ ಸುದ್ದಿ ಪೇಪರುಗಳಲ್ಲಿ ಆಗಾಗ ಬರುತ್ತದೆ. ಆದರೆ ಅದು ಯಾವ ಗಡ್ಡೆಗೆ, ಎಷ್ಟು ಜನರಿಗೆ ಕೊಟ್ಟು ನೋಡಿದ್ದಾರೆ, ಇನ್ನೂ ಪ್ರಯೋಗವೋ ಒಪ್ಪಿಗೆ ಸಿಕ್ಕಿದೆಯೋ ಅನ್ನುವುದು ಮಾತ್ರ ಇರುವುದೇ ಇಲ್ಲ. ಮನೆಯಲ್ಲಿ ರೋಗಿ ಇರುವವರಿಗೆ ಬೇಕಾದದ್ದೇ ಅದು.

ಬೋರಾನ್ ನ್ಯೂಟ್ರಾನ್ ಚಿಕಿತ್ಸೆಯನ್ನೇ ನೋಡಿ. ಬೋರಾನ್ ಎಂಬ ಮೂಲವಸ್ತು ಇರುವ ಔಷಧಿಯನ್ನು ರಕ್ತಕ್ಕೆ ಕೊಡುತ್ತಾರೆ, ಅದು ಗಡ್ಡೆಯ ಕೋಶಗಳಲ್ಲಿ ಜಾಸ್ತಿ ಸೇರಿಕೊಳ್ಳುತ್ತದೆ, ಆಮೇಲೆ ಹೊರಗಿನಿಂದ ನ್ಯೂಟ್ರಾನ್ ಎಂಬ ಅಣುವಿನೊಳಗಿನ ಕಣಗಳನ್ನು ಹಾಯಿಸಿದಾಗ ಬೋರಾನ್ ಒಡೆದು ಹೊರಡುವ ಕಣಗಳು ಹೆಚ್ಚುಕಡಿಮೆ ಒಂದು ಕೋಶದಷ್ಟು ದೂರ ಮಾತ್ರ ಹೋಗುತ್ತವೆ. ಅಂದರೆ ಕೆಟ್ಟ ಕೋಶ ಸಾಯಬೇಕು, ಪಕ್ಕದ್ದು ಉಳಿಯಬೇಕು. ಕೇಳಲು ಚೆಂದ ಅಲ್ವಾ? 1936ರಲ್ಲೇ ಹೊಳೆದ ಉಪಾಯ ಇದು. 1951ರಿಂದ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ, ಆಮೇಲೆ ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದ ಅಣು ರಿಯಾಕ್ಟರಿನಲ್ಲಿ ರೋಗಿಗಳಿಗೆ ಕೊಟ್ಟು ನೋಡಿದರು. ಔಷಧಿ ಗಡ್ಡೆಯಲ್ಲಷ್ಟೇ ನಿಲ್ಲದೆ ರಕ್ತದಲ್ಲೂ ಉಳಿಯಿತು, ನ್ಯೂಟ್ರಾನ್ ಆಳಕ್ಕೆ ಇಳಿಯಲಿಲ್ಲ. ಪ್ರಯೋಜನ ಕಾಣಲಿಲ್ಲ, ಚೆನ್ನಾಗಿದ್ದ ಮೆದುಳಿಗೂ ಪೆಟ್ಟು ಬಿತ್ತು. 1961ರಲ್ಲಿ ಅಲ್ಲಿ ನಿಲ್ಲಿಸಿದರು. ಜಪಾನಿನವರು ಪಟ್ಟು ಬಿಡಲಿಲ್ಲ, 2020ರಲ್ಲಿ ಒಪ್ಪಿಗೆಯೂ ಸಿಕ್ಕಿತು. ಆದರೆ ಸಿಕ್ಕಿದ್ದು ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರಿಗೆ, ಅಂದರೆ ಬಾಯಿ, ಗಂಟಲಿನ ಕಡೆಯದ್ದಕ್ಕೆ. ಮೆದುಳಿನ ಗಡ್ಡೆಗಲ್ಲ.

ಗ್ಲಿಯೊಬ್ಲಾಸ್ಟೊಮಾ, ಅಂದರೆ ಮೆದುಳಿನಲ್ಲಿ ಬೇಗ ಬೆಳೆಯುವ ಕ್ಯಾನ್ಸರ್ ಗಡ್ಡೆ, ಅಂತ ರಿಪೋರ್ಟ್ ಬಂದ ಮನೆಯವರು ಏನನ್ನಾದರೂ ನಂಬುವ ಸ್ಥಿತಿಯಲ್ಲಿರುತ್ತಾರೆ. ಆಪರೇಷನ್, ಆರು ವಾರ ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಮಾತ್ರೆ, 2005ರಿಂದ ಹೆಚ್ಚಾಗಿ ಇದೇ ದಾರಿ. ಆ ವರ್ಷ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ರೇಡಿಯೇಷನ್ ಜೊತೆ ಮಾತ್ರೆ ಸೇರಿಸಿದ್ದರಿಂದ ಅರ್ಧದಷ್ಟು ರೋಗಿಗಳು ಕನಿಷ್ಠ ಬದುಕಿದ ಅವಧಿ 12.1 ತಿಂಗಳಿಂದ 14.6 ತಿಂಗಳಿಗೆ ಏರಿತು. ಇಷ್ಟಕ್ಕೇ ಡಾಕ್ಟರುಗಳು ಖುಷಿಪಟ್ಟರು ಅಂದರೆ ಕಾಯಿಲೆ ಎಂಥದ್ದು ಅಂತ ಯೋಚಿಸಿ. ಇಂಥವರ ಕಣ್ಣಿಗೆ 'ಗಡ್ಡೆ ಮಾಯ' ಅನ್ನೋ ಹೆಡ್‌ಲೈನ್ ಬಿದ್ದರೆ ಜಮೀನು ಮಾರೋಕೂ ಹೊರಡುತ್ತಾರೆ. ಪ್ರೋಟಾನ್ ಕಣಗಳಿಂದ ರೇಡಿಯೇಷನ್ ಕೊಡುವ ಯಂತ್ರದ್ದೂ ಇದೇ ಕಥೆ. ಅದು ಚೆನ್ನೈಯಲ್ಲಿದೆ, ಮುಂಬೈ ಹತ್ತಿರದ ಟಾಟಾ ಕೇಂದ್ರದಲ್ಲಿದೆ, ಮಕ್ಕಳ ಕೆಲವು ಗಡ್ಡೆಗಳಿಗೆ ನಿಜಕ್ಕೂ ಒಳ್ಳೆಯದು, ಎಲ್ಲರಿಗೂ ಅದೇ ಬೇಕು ಅಂತೇನಿಲ್ಲ.

ಪ್ರಯೋಗವೇ ಬೇಡ ಅಂತ ನಾನು ಹೇಳುತ್ತಿಲ್ಲ, ಅದಿಲ್ಲದೆ ಹೊಸದು ಬರೋದು ಹೇಗೆ? ನಮ್ಮಲ್ಲಿ 2009ರಿಂದ ಔಷಧಿ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ಮೊದಲೇ ನೋಂದಾಯಿಸುವುದು ಕಡ್ಡಾಯ. ಯಾರು ಬೇಕಾದರೂ ಆನ್‌ಲೈನಿನಲ್ಲಿ ಸುಮ್ನೆ ತೆರೆದು ನೋಡಬಹುದು. ಇಲ್ಲಿ ನಡೆಯುವ ಪ್ರಯೋಗವಾದರೆ ಸುದ್ದಿಯ ಕೊನೆಗೆ ಆ ನೋಂದಣಿ ನಂಬರ್ ಹಾಕಿ. ಸಿಗದಿದ್ದರೆ ಸಿಗಲಿಲ್ಲ ಅಂತಲೇ ಹಾಕಿ.

ಒಬ್ಬ ಓದುಗ, ಹಾಸನ